ಎರಡು ಪೇಪರು, ಒಂದು ಕೈ

ಗೋದಾಮಿನ ಗೇಟಿನಲ್ಲಿ ಹೊಡೆದಾಟವಾದಾಗ ನಾನು ಅಲ್ಲೇ ಇದ್ದೆ. ದೊಡ್ಡ ಮಗನಿಗೆ ಊಟದ ಡಬ್ಬಿ ಕೊಡಲು ಹೋದವಳು, ಅದೇ ಡಬ್ಬಿಯಿಂದ ಯಾವನದೋ ತಲೆಗೆ ಬಾರಿಸಿ ಬಂದೆ. ಯಾರ ತಲೆ ಅಂತ ನೋಡಲಿಲ್ಲ. ಕೈಗೆ ಹತ್ತಿರವಿತ್ತು, ಹೊಡೆದೆ. ಸಾವಿರ ಜನ ಸೇರಿದ್ದರು, ರಕ್ತ ಮೋರಿ ತುಂಬಿ ಹರಿಯುತ್ತಿತ್ತು. ನನ್ನ ಮಗಳ ಮಗಳು ಪಕ್ಕದಲ್ಲಿದ್ದರೆ "ನೂರು ಜನ ಅಜ್ಜಿ, ಮೋರಿ ಒಣಗಿತ್ತು" ಅನ್ನುತ್ತಾಳೆ. ನೂರೇ ಇರಲಿ. ನೂರು ಜನರ ಕೈಯಲ್ಲೂ ಏನಾದರೊಂದು ಇತ್ತು.

ನಮ್ಮೂರಿಗೆ ಗೊತ್ತಿರುವುದು ಶೂ ಮಾಡುವ ಕೆಲಸ ಒಂದೇ. ಸರ್ಕಾರ ಗಡಿಯಾಚೆಯವರ ಜೊತೆ ಮುಕ್ತ ವ್ಯಾಪಾರ ಅಂತ ಒಪ್ಪಂದ ಮಾಡಿಕೊಂಡಿತು. ಸುಂಕವಿಲ್ಲದ ಶೂಗಳು ಲಾರಿಗಟ್ಟಲೆ ಬಂದು ಗೋದಾಮು ತುಂಬಿದವು. ಕಾರ್ಖಾನೆಯಲ್ಲಿ ಪಾಳಿ ಕಡಿಮೆಯಾಯಿತು, ಗೋದಾಮಿನಲ್ಲಿ ಕೆಲಸ ಹೆಚ್ಚಿತು. ನನ್ನ ದೊಡ್ಡ ಮಗ ಕಾರ್ಖಾನೆಯಲ್ಲಿ ಚರ್ಮ ಕೊಯ್ಯುವವನು. ಚಿಕ್ಕವನು ಗೋದಾಮಿನಲ್ಲಿ ಹಮಾಲಿ. ಅಡುಗೆಮನೆಯ ಆ ಕಡೆ ಕೋಣೆಯಲ್ಲಿ ಒಬ್ಬ, ಈ ಕಡೆ ಕೋಣೆಯಲ್ಲಿ ಇನ್ನೊಬ್ಬ, ನಡುವೆ ನಾನು ಮತ್ತು ಒಲೆ. ನಮ್ಮ ಮೂವರಿಗಿಂತ ಒಲೆಯೇ ತಣ್ಣಗಿತ್ತು.

ಆ ದಿನ ಕಾರ್ಖಾನೆಯವರು ಗೋದಾಮಿನ ಗೇಟಿಗೇ ಬಂದು ಲಾರಿ ತಡೆದರು. ಡ್ರೈವರನ್ನು ಕೂದಲು ಹಿಡಿದು ಕೆಳಗೆಳೆದು ಬಾಯಿಗೆ ಒದ್ದರು. ಗೋದಾಮಿನವರು ಕಬ್ಬಿಣದ ಸರಳು ಹಿಡಿದು ಹೊರಗೆ ನುಗ್ಗಿದರು. ಒಬ್ಬನ ಮೊಣಕಾಲು ಮುರಿದ ಸದ್ದು ಒಣ ಸೌದೆ ಮುರಿದ ಹಾಗೆ ಕೇಳಿಸಿತು. ಧೂಳು ಇಳಿದಾಗ ನನ್ನ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಚಿಕ್ಕವನ ಮೂಟೆ ಎತ್ತುವ ಕೊಕ್ಕೆ ದೊಡ್ಡವನ ಹುಬ್ಬು ಸೀಳಿತ್ತು. ದೊಡ್ಡವನ ಕೈಯಲ್ಲಿದ್ದ ಶೂ ಅಚ್ಚು, ಕಲ್ಲಿನಂಥ ಮರದ್ದು, ಚಿಕ್ಕವನ ಎರಡು ಹಲ್ಲು ಉದುರಿಸಿತ್ತು.

ಮಾರನೆಯ ದಿನದ ಒಂದು ಪೇಪರು, ಗೋದಾಮಿನವರೇ ಮೊದಲು ಹೊಡೆದರು ಎಂದಿತು. ಇನ್ನೊಂದು, ಕಾರ್ಖಾನೆಯವರೇ ಮೊದಲು ಎಂದಿತು. ದೊಡ್ಡವನು ಒಂದನ್ನು ನಂಬಿದ, ಚಿಕ್ಕವನು ಇನ್ನೊಂದನ್ನು. ಇಬ್ಬರೂ ದಿನಾ ಬೆಳಿಗ್ಗೆ ತಮ್ಮ ತಮ್ಮ ಪೇಪರು ಓದಿ, ಹಲ್ಲು ಕಡಿದು, ಕೆಲಸಕ್ಕೆ ಹೋಗುತ್ತಿದ್ದರು. ನನಗಿದ್ದ ಭಯ ಒಂದೇ: ಇನ್ನೊಂದು ಸಲ ಕೈ ಎತ್ತಿದರೆ ಈ ಮನೆಯಿಂದ ಹೆಣ ಹೊರಡುತ್ತದೆ.

ಇಂಥಾ ಹೊತ್ತಿಗೆ ನಮ್ಮ ಲಾಯರಮ್ಮನಿಗೆ ಕಾಲೇಜಿನಲ್ಲಿ ಇದೇ ಜಗಳದ ಮೇಲೆ ವರದಿ ಬರೆಯಲು ಹೇಳಿದರು. ಲಾಯರಮ್ಮ ಅಂದರೆ ನನ್ನ ಮಗಳ ಮಗಳು. ಹೆತ್ತವಳು ತೀರಿಕೊಂಡ ಮೇಲೆ ಇಬ್ಬರು ಮಾವಂದಿರ ಹೆಗಲ ಮೇಲೆ ಬೆಳೆದ ಹುಡುಗಿ. ಎರಡು ಪೇಪರನ್ನೂ ನೆಲದ ಮೇಲೆ ಹರಡಿ ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದಳು.

"ಅಜ್ಜಿ, ಈ ಪೇಪರು ಕಾರ್ಖಾನೆ ಮಾಲೀಕರದ್ದೇ. ಅದು ಶೂ ತರಿಸೋರದ್ದು. ಎರಡನ್ನೂ ಹಾಗೇ ನಂಬೋಕಾಗಲ್ಲ."

"ಇದನ್ನ ತಿಳ್ಕೊಳ್ಳೋಕೆ ಕಾಲೇಜು ಬೇಕಿತ್ತೇನೇ? ನನ್ನ ಕೇಳಿದ್ರೆ ಹೇಳ್ತಿದ್ದೆ. ಗೇಟಲ್ಲಿ ಕಣ್ಣಾರೆ ನೋಡಿದವಳು ನಾನು."

"ನಿನ್ನ ಮಾತನ್ನ ಹತ್ತರಿಂದ ಭಾಗಿಸ್ಬೇಕು. ಸಾಲದ್ದಕ್ಕೆ ನೀನು ಇಬ್ಬರಿಗೂ ಅಮ್ಮ. ನೀನು ಸಾಕ್ಷಿಗೆ ಬರಲ್ಲ."

ಅವಳ ಮೇಷ್ಟ್ರು ಒಂದು ಕ್ರಮ ಕಲಿಸಿದ್ದರು. ಒಬ್ಬರು ಆಡಿದ್ದನ್ನು ಎದುರಿನವರಿಗೆ ಓದಿ ಹೇಳಿ, ಅವರ ಉತ್ತರ ಪಡೆಯದೆ ಬರೆಯಬಾರದಂತೆ. ಒಳ್ಳೆಯ ಕ್ರಮವೇ. ಆದರೆ ಆ ಮೇಷ್ಟ್ರ ಮನೆಯಲ್ಲಿ ಅಣ್ಣತಮ್ಮಂದಿರು ಇರಲಿಲ್ಲ ಅಂತ ಕಾಣುತ್ತದೆ.

ಮೊದಲು ದೊಡ್ಡವನ ಕೋಣೆಗೆ ಹೋದಳು. ಬರೆದುಕೊಂಡು, ಅಡುಗೆಮನೆ ದಾಟಿ, ಚಿಕ್ಕವನ ಬಾಗಿಲಲ್ಲಿ ನಿಂತಳು.

"ಚಿಕ್ಕ ಮಾವ, ನೀನು ಗೋದಾಮಿನೋರ ಎಂಜಲು ತಿನ್ನೋ ನಾಯಿ ಅಂತ ದೊಡ್ಡ ಮಾವ ಹೇಳಿದಾನೆ. ನಿನ್ನ ಉತ್ತರ ಏನು?"

ಚಿಕ್ಕವನು ಊದಿದ ದವಡೆಯಲ್ಲೇ ಹೇಳಿದ: "ಇನ್ನೊಂದು ಹುಬ್ಬು ಉಳಿದಿದೆ, ಅದನ್ನೂ ಸೀಳ್ತೀನಿ ಅಂತ ಬರ್ಕೋ."

ಬರೆದುಕೊಂಡಳು. ಮತ್ತೆ ಆ ಕಡೆ ಹೊರಟಳು.

"ಲೇ, ಸಾಕು ನಿಲ್ಸೇ!" ಎಂದೆ.

"ಉತ್ತರ ತಗೋಬೇಕು ಅಜ್ಜಿ."

ಉತ್ತರ ತಾನಾಗಿಯೇ ಎದ್ದು ಬಂತು. ದೊಡ್ಡವನು ಚರ್ಮ ಕೊಯ್ಯುವ ಕತ್ತಿ ಹಿಡಿದು ಅಡುಗೆಮನೆಗೆ ನುಗ್ಗಿದ. ಚಿಕ್ಕವನು ಎದುರಿನಿಂದ ಬಂದು ತಪ್ಪಲೆಯಿಂದ ಅವನ ಮುಖಕ್ಕೆ ಅಪ್ಪಳಿಸಿದ. ಹುಬ್ಬಿನ ಹೊಲಿಗೆ ಬಿಚ್ಚಿ ರಕ್ತ ಕಣ್ಣಿಗೆ ಇಳಿಯಿತು. ದೊಡ್ಡವನು ಕುರುಡನ ಹಾಗೆ ತಮ್ಮನ ಕುತ್ತಿಗೆ ಹಿಡಿದು ತಲೆಯನ್ನು ಗೋಡೆಗೆ ಕುಟ್ಟಿದ, ಒಂದಲ್ಲ, ಐವತ್ತು ಸಲ. ಪಾತ್ರೆಗಳ ಸಾಲೇ ಕಳಚಿ ಬಿತ್ತು. ಚಿಕ್ಕವನು ಅವನ ಕಿವಿ ಕಚ್ಚಿದ. ನಾನು ಬಿಸಿನೀರು ಎರಚಿದೆ, ಬಯ್ದೆ, ಇಬ್ಬರ ಬೆನ್ನಿಗೂ ಸೌಟಿನಲ್ಲಿ ಬಾರಿಸಿದೆ. ಕತ್ತಿ ಮೇಲೆ ಹೋಯಿತು. ಚಿಕ್ಕವನು ಆ ಕೈ ಹಿಡಿದು ತಿರುಚಿದ. ಅದೇ ಗಳಿಗೆಗೆ ಹುಡುಗಿ ಪೆನ್ಸಿಲು ಹಿಡಿದ ಕೈಯನ್ನು ನಡುವೆ ಚಾಚಿದಳು.

ದಪ್ಪ ಚರ್ಮವನ್ನೇ ಒಂದು ಎಳೆತಕ್ಕೆ ಕೊಯ್ಯುವ ಕತ್ತಿ ಅದು. ಅವಳ ಕೈ ಮಣಿಕಟ್ಟಿನಿಂದ ಮೊಣಕೈವರೆಗೆ ತೆರೆದುಕೊಂಡಿತು. ಒಳಗಿನ ಬಿಳಿ ನರ ನನಗೆ ಕಂಡಿತು. ಅದನ್ನು ಮಾತ್ರ ನಾನು ದೊಡ್ಡದು ಮಾಡಿ ಹೇಳುತ್ತಿಲ್ಲ.

ಇಬ್ಬರೂ ಸೇರಿ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಗಾಯ ಹೊಲಿದರು. ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದರು. ಆಸ್ಪತ್ರೆಯ ಬಾಗಿಲಲ್ಲಿ ಎರಡೂ ಪೇಪರಿನವರು ಕಾದಿದ್ದರು. ಕಟ್ಟು ಹಾಕಿದ ಕೈಯ ಫೋಟೋ ತೆಗೆದುಕೊಂಡರು. ಏನಾಯಿತು ಅಂತ ಒಬ್ಬನಾದರೂ ಕೇಳಬೇಕಲ್ಲ!

ಬೆಳಿಗ್ಗೆ ಇಬ್ಬರೂ ತಮ್ಮ ತಮ್ಮ ಪೇಪರು ಹಿಡಿದು ಅಡುಗೆಮನೆಯಲ್ಲಿ ಕೂತರು. ದೊಡ್ಡವನು ಓದುತ್ತಾ ನಿಲ್ಲಿಸಿದ.

"ಗೋದಾಮಿನ ಗೂಂಡಾ ಕೊಕ್ಕೆಯಿಂದ ಹುಡುಗಿ ಕೈ ಸೀಳಿದ ಅಂತೆ. ಕೊಕ್ಕೆ ಎಲ್ಲಿತ್ತೋ?"

"ಇದರಲ್ಲಿ, ಕಾರ್ಖಾನೆಯ ಹತ್ತು ಜನ ಅವಳನ್ನ ಸುತ್ತುವರಿದರು ಅಂತಿದೆ," ಎಂದ ಚಿಕ್ಕವನು. "ಇಲ್ಲಿ ಹತ್ತು ಜನ ಹಿಡಿಸ್ತಾರೇನೋ?"

"ಅಯ್ಯೋ, ನನ್ನನ್ನೂ ಮೀರಿಸೋರು ಹುಟ್ಟಿದಾರಲ್ಲಪ್ಪ!" ಎಂದೆ.

ದೊಡ್ಡವನು ಪೇಪರು ಮಡಚಿಟ್ಟ. "ಹಾಗಾದ್ರೆ ಗೇಟಲ್ಲಿ ನಿಮ್ಮೋರೇ ಮೊದಲು ಹೊಡೆದ್ರು ಅಂತ ಬರೆದಿದ್ರಲ್ಲ, ಅದೂ..." ಎಂದು ಅಲ್ಲಿಗೇ ಬಿಟ್ಟ.

ಎದ್ದು ಅಡುಗೆಮನೆಯ ಮೂಲೆಯಲ್ಲೇ ಹಾಸಿದ್ದ ಹುಡುಗಿಯ ಹಾಸಿಗೆಯ ಹತ್ತಿರ ಹೋದ. "ಬರ್ಕೋ ತಾಯಿ. ಕೊಯ್ದಿದ್ದು ನಾನು."

"ಬರೆಯೋ ಕೈ ಇದೇ, ಮಾವ."

ಮೈ ಮೇಲೆ ಕುದಿಯುವ ನೀರು ಬಿದ್ದರೂ ಅಳದ ನನ್ನ ಮಗ ಗೋಡೆಯ ಕಡೆ ಮುಖ ತಿರುಗಿಸಿದ. ಆಮೇಲೆ ಅವನೇ ಪೆನ್ಸಿಲು ಹಿಡಿದ. ಒಂದೊಂದು ಅಕ್ಷರವೂ ಎಮ್ಮೆಯಷ್ಟು ದಪ್ಪ. ಬರೆದದ್ದನ್ನು ತಮ್ಮನಿಗೆ ಓದಿ ಹೇಳಿ ಉತ್ತರ ತಗೋ ಎಂದಳು, ಹಟಮಾರಿ.

"ನಾನು ಕೈ ತಿರುಚಿದ್ದಕ್ಕೇ ಕತ್ತಿ ಅವಳ ಕಡೆ ತಿರುಗಿದ್ದು. ಅದನ್ನೂ ಸೇರಿಸು," ಎಂದ ಚಿಕ್ಕವನು.

"ಗೇಟಲ್ಲಿ ಏನಾಯ್ತು ಚಿಕ್ಕ ಮಾವ? ಪೇಪರಲ್ಲಿ ಇರೋದು ಬೇಡ. ನಿನಗೆ ಗೊತ್ತಿರೋದು ಹೇಳು."

"ನಾನು ಸುಮ್ನೆ ನಿಂತಿದ್ದೆ ಕಣೇ. ಹಿಂದಿನಿಂದ ಯಾರೋ ತಲೆಗೆ ಬಲವಾಗಿ ಕುಕ್ಕಿದರು. ತಿರುಗಿ ನೋಡಿದ್ರೆ ಇವನಿದ್ದ. ಕೊಕ್ಕೆ ಬೀಸಿದೆ."

"ನಾನು ನಿನ್ನನ್ನ ಆಚೆ ಎಳ್ಕೊಂಡು ಹೋಗೋಣ ಅಂತ ಬಂದೆನಲ್ಲೋ," ಎಂದ ದೊಡ್ಡವನು. "ನಿನ್ನ ತಲೆ ನಾನು ಮುಟ್ಟೇ ಇಲ್ಲ."

ಚಿಕ್ಕವನು ಹಿಂದಲೆ ಸವರಿಕೊಂಡ. "ತಗಡಿನ ಸದ್ದಾಗಿತ್ತು. ಕೊರಳ ಪಟ್ಟಿ ಎಲ್ಲಾ ಸಾರು."

ಮೂವರೂ ಮೆಲ್ಲಗೆ ನನ್ನ ಕಡೆ ತಿರುಗಿದರು. ಒಲೆಯ ಪಕ್ಕದಲ್ಲಿ ನನ್ನ ಡಬ್ಬಿ ಒಂದು ಮಗ್ಗುಲು ನಜ್ಜಿಕೊಂಡು ಕೂತಿತ್ತು. ಸೆರಗಿನಲ್ಲಿ ಮುಚ್ಚೋಣವೆಂದರೆ ಅಲ್ಲಿಯವರೆಗೆ ನನ್ನ ಕೈ ಎಟುಕದು.

ಹುಡುಗಿ ದೊಡ್ಡವನಿಗೆ ಹೊಸ ಹಾಳೆ ತೆಗೆಯಲು ಹೇಳಿದಳು. "ಅಜ್ಜಿ, ಇಬ್ಬರು ಮಾವಂದಿರೂ ಹೇಳಿದ್ದು ಕೇಳಿದೆಯಲ್ಲ. ನಿನ್ನ ಉತ್ತರ ಏನು?"

"ಬರ್ಕೊಳ್ಳಿ," ಎಂದೆ. "ಡಬ್ಬಿ ತುಂಬಿತ್ತು ಅಂತಾನೂ ಬರ್ಕೊಳ್ಳಿ. ಇದನ್ನ ಮಾತ್ರ ಹತ್ತರಿಂದ ಭಾಗಿಸ್ಬೇಡಿ."