ಗುಡ್ಡೆಗೆ ಬಂದ ಬಸ್ಸು

ಕುಮೇರುಗುಡ್ಡೆಗೆ ಬಸ್ಸು ತಂದವಳು ಅಪೊಲಿನ್ ಬಾಯಿ. ತಂದದ್ದು ಅರ್ಜಿಗಳಿಂದಲ್ಲ, ಹಾರೆ ಪಿಕ್ಕಾಸುಗಳಿಂದ. "ಅಲ್ಲಿ ಬಸ್ಸು ತಿರುಗಿಸ್ಲಿಕ್ಕೆ ಜಾಗ ಎಲ್ಲುಂಟು ಬಾಯಮ್ಮ? ಜಾಗ ಮಾಡಿ ಬನ್ನಿ, ಆಮೇಲೆ ನೋಡುವ" ಎಂದು ಮೂಡುಬಿದಿರೆಯ ಬಸ್ಸಿನ ಧಣಿ ನಕ್ಕಿದ್ದ. ಅದೇ ವರ್ಷ ಆಕೆಯ ಅತ್ತೆಯನ್ನು ಕುರ್ಚಿಗೆ ಕಟ್ಟಿ ನಾಲ್ವರು ಹೊತ್ತು ಸಿದ್ಧಕಟ್ಟೆಯ ಡಾಕ್ಟರರ ಬಳಿಗೆ ಒಯ್ಯುವಾಗ ಅರ್ಧ ದಾರಿಯಲ್ಲೇ ಮುದುಕಿಯ ಉಸಿರು ನಿಂತಿತ್ತು. ಅಪೊಲಿನ್ ಬಾಯಿ ಅಳಲಿಲ್ಲ, ಸಿಟ್ಟಾದಳು. ಗುಡ್ಡೆಯ ನೆತ್ತಿಯಲ್ಲಿದ್ದ ಗೇರುಹಿತ್ತಿಲಿನ ಮೂಲೆಯನ್ನು ಗಂಡನ ಮಾತು ಮೀರಿ ರಸ್ತೆಗೆ ಬಿಟ್ಟುಕೊಟ್ಟಳು. ತಪಸ್ಸುಕಾಲದ ಶುಕ್ರವಾರಗಳಂದು ಇಗರ್ಜಿಯಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿಸಿ, ನೆರೆಹೊರೆಯ ಹೆಂಗಸರನ್ನು ಕರೆದುಕೊಂಡು ಬಂದು ರಸ್ತೆಬದಿಗೆ ಗೋಡೆಯಂತೆ ನಿಂತ ಮುರಕಲ್ಲಿನ ದರೆಯನ್ನು ಕಡಿದು ಬಸ್ಸು ತಿರುಗುವಷ್ಟು ಜಾಗ ಮಾಡಿದಳು. ಈಸ್ಟರ್ ಕಳೆದ ವಾರ ಡ್ರೈವರ್ ರುಕ್ಮಯ್ಯ ಒಂದೇ ಸುತ್ತಿಗೆ ಬಸ್ಸನ್ನು ಅಲ್ಲಿ ತಿರುಗಿಸಿದಾಗ ಹೆಂಗಸರೆಲ್ಲ ಕೈತಟ್ಟಿದ್ದರು. ಗಂಡ ಮಾತ್ರ ಮುಂದಿನ ಮಳೆಗಾಲದವರೆಗೆ ಆಕೆಯೊಡನೆ ಮಾತು ಬಿಟ್ಟಿದ್ದ.

ಈಗ ಅದೇ ತಿರುವಿನಲ್ಲಿ, ಏಪ್ರಿಲ್ ತಿಂಗಳ ಭಾನುವಾರದ ಬಿಸಿಲಿನಲ್ಲಿ, ಮಗ ಗ್ರೆಗರಿಯ ಕಾರು ಬಾನೆಟ್ ತೆರೆದುಕೊಂಡು ಹಬೆಯುಗುಳುತ್ತ ನಿಂತಿತ್ತು.

"ಎಂತ ಆಯ್ತು?" ಎಂದಳು ಅಪೊಲಿನ್ ಬಾಯಿ ಕಾರಿನೊಳಗಿನಿಂದ.

"ರೇಡಿಯೇಟರ್ ಸೋರ್ತಾ ಉಂಟು, ಮಾಂಯ್."

"ಊರಿನವರ ಗೇಟಿಗೆಲ್ಲ ವೆಲ್ಡಿಂಗ್ ಮಾಡ್ಲಿಕ್ಕೆ ನಿನಗೆ ಪುರುಸೊತ್ತುಂಟು. ನಿನ್ನ ಕಾರಿಗೆ ನೀರು ಉಂಟಾ ಅಂತ ನೋಡ್ಲಿಕ್ಕೆ ಇಲ್ಲ. ಅಲ್ಲಿ ನನ್ನ ತಮ್ಮ ಊಟಕ್ಕೆ ಕಾಯ್ತಾ ಕೂತಿರ್ತಾನೆ!"

ತಮ್ಮನ ಮದುವೆಯ ಐವತ್ತನೇ ವರ್ಷದ ಊಟ ಮೂಡುಬಿದಿರೆಯ ಸಭಾಭವನದಲ್ಲಿತ್ತು. ಅವನಿಗೆಂದೇ ಬೆಳಿಗ್ಗೆ ಬೇಗನೆದ್ದು, ಶೇಂದಿ ಹಾಕಿ ಉಬ್ಬಿಸಿದ ಹಿಟ್ಟಿನಿಂದ ಸಾನ್ನ ಬೇಯಿಸಿ, ಕೋಳಿ ಸುಕ್ಕ ಮಾಡಿ ಬುಟ್ಟಿಯಲ್ಲಿಟ್ಟು ತಂದಿದ್ದಳು. ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದ ಸೊಸೆ ಜಾಸಿಂತಾ, ಮುಂದಿನ ಸೀಟಿನಲ್ಲಿ ಕೆಂಪು ಕಣ್ಣುಗಳನ್ನು ಉಜ್ಜಿಕೊಳ್ಳುತ್ತಿದ್ದಳು. ಮೊಮ್ಮಗಳು ಲೆನಿಷಾ ಹಾಸ್ಟೆಲಿನಿಂದ ಹಿಂದಿನ ಸಂಜೆಯಷ್ಟೇ ಬಂದಿದ್ದಳು.

"ಇಳಿಯಿರಿ ಎಲ್ಲರೂ. ಹನ್ನೆರಡೂಕಾಲಿಗೆ ಬಸ್ಸುಂಟು. ಅದರಲ್ಲೇ ಹೋಗುವ."

ಗ್ರೆಗರಿಯ ಕೈ ಬಾನೆಟ್ಟಿನ ಮೇಲೆಯೇ ನಿಂತಿತು. ಅವನು ಹೆಂಡತಿಯ ಮುಖ ನೋಡಿದ. ಅವಳು ಮಗಳ ಮುಖ ನೋಡಿದಳು.

"ಬಸ್ಸಲ್ಲಿ ರಶ್ ಇರ್ತದೆ ಮಾಂಯ್, ನಿಮ್ಮ ಕಾಲಿನ ಗಂಟು ನೋಯ್ತದೆ. ರಿಕ್ಷಾಕ್ಕೆ ಫೋನ್ ಮಾಡ್ತೇನೆ" ಎಂದಳು ಜಾಸಿಂತಾ.

"ನನ್ನ ಬಸ್ಸು ಇರುವಾಗ ರಿಕ್ಷಾ ಎಂತಕ್ಕೆ? ಆ ಫೋನು ಒಳಗಿಡು."

ಗೇರುಮರದ ನೆರಳಿನಲ್ಲಿದ್ದ ಕಲ್ಲಿನ ಕಟ್ಟೆಯ ಮೇಲೆ ಬುಟ್ಟಿಯನ್ನು ತೊಡೆಗಿಟ್ಟುಕೊಂಡು ಆಕೆ ಕುಳಿತಳು. ಆಕೆ ಕುಳಿತ ಮೇಲೆ ಉಳಿದವರು ನಿಲ್ಲುವಂತಿರಲಿಲ್ಲ. ಗದ್ದೆಯಾಚೆಯ ಇಗರ್ಜಿಯಲ್ಲಿ ಮಧ್ಯಾಹ್ನದ ಗಂಟೆ ಮೊಳಗಿತು. ಆಕೆ ದೇವದೂತನ ಪ್ರಾರ್ಥನೆ ತೊಡಗಿದಳು. ಉತ್ತರ ಹೇಳಬೇಕಾದ ಕಡೆ ಲೆನಿಷಾ ತಡವರಿಸಿದಳು.

"ಹಾಸ್ಟೆಲಲ್ಲಿ ಎಂತ ಕಲಿಸ್ತಾರೆ ನಿಮಗೆ?"

"ಬಿಬಿಎ, ವ್ಹಡ್ಲಿಮಾಂಯ್."

ಗ್ರೆಗರಿ ನಗೆ ತಡೆಯಲು ಕೆಮ್ಮಿದ. ಅಜ್ಜಿ ನಗಲಿಲ್ಲ. ಹೊತ್ತು ಜಾರಿತು, ಬಸ್ಸಿನ ಸುಳಿವಿರಲಿಲ್ಲ. "ಈಗಿನ ಡ್ರೈವರುಗಳಿಗೆ ಹೇಳುವವರು ಕೇಳುವವರು ಇಲ್ಲ" ಎಂದು ಆಕೆ ಗೊಣಗಿದಳು. "ರುಕ್ಮಯ್ಯನ ಕಾಲದಲ್ಲಿ ಬಸ್ಸು ನೋಡಿ ಗಡಿಯಾರ ತಿರುಗಿಸಬಹುದಿತ್ತು. ಬರಲಿ, ನಾನು ಮಾತಾಡ್ತೇನೆ."

ಮೇಲೇರಿ ಬಂದದ್ದು ಮೀನಿನ ಅಜ್ಮಲ್‌ನ ಬೈಕು. ಪಾಣೆಮಂಗಳೂರಿನಿಂದ ಮೀನು ತಂದು ಈ ಗುಡ್ಡೆಗಳಲ್ಲಿ ಮಾರುವವನು. ಖಾಲಿ ಪೆಟ್ಟಿಗೆಯೊಡನೆ ಮರಳುತ್ತಿದ್ದ.

"ಎಂತ ಬಾಯಮ್ಮ, ಫ್ಯಾಮಿಲಿ ಸಮೇತ ಪಿಕ್ನಿಕ್ಕಾ?"

"ಬಸ್ಸಿಗೆ ಕಾಯ್ತಾ ಇದ್ದೇವೆ ಮಾರಾಯ."

ಅಜ್ಮಲ್ ಗಟ್ಟಿಯಾಗಿ ನಕ್ಕ. "ಒಳ್ಳೆ ತಮಾಷೆ! ಕೊರೊನಾ ಟೈಮಲ್ಲಿ ನಿಂತ ಬಸ್ಸು, ಇನ್ನು ಎಲ್ಲಿಂದ ಬರ್ಬೇಕು?"

ಗ್ರೆಗರಿ ತಾಯಿಯ ಬೆನ್ನ ಹಿಂದಿನಿಂದ ಕೈಸನ್ನೆ ಮಾಡಿದ್ದು ತಡವಾಯಿತು. ಅಜ್ಮಲ್‌ನ ನಗೆ ಆರಿತು. "ನಾನು... ಸಿದ್ಧಕಟ್ಟೆಯಿಂದ ಮೆಕ್ಯಾನಿಕ್‌ನನ್ನು ಕಳಿಸ್ತೇನೆ ಗ್ರೆಗರಿಯಣ್ಣ" ಎಂದವನೇ ಬೈಕು ಹೊರಡಿಸಿದ.

ಅಪೊಲಿನ್ ಬಾಯಿ ಮಗನ ಕಡೆಗೆ ತಿರುಗಿದಳು. ಧ್ವನಿ ಏರಲಿಲ್ಲ, ಅದೇ ಅವರನ್ನು ಹೆಚ್ಚು ಹೆದರಿಸಿತು.

"ಸಂಜೆ ಮನೆಗೆ ಹಾರ್ನ್ ಕೇಳ್ತದಲ್ಲ?"

"ಅದು ಕಾಲೇಜಿನ ಬಸ್ಸು" ಎಂದಳು ಲೆನಿಷಾ ಮೆಲ್ಲಗೆ.

"ಮೊನ್ನೆ ಮೂಳೆ ಡಾಕ್ಟರಲ್ಲಿಗೆ ಹೋಗುವಾಗ, ಬಸ್ಸು ಈಗಷ್ಟೇ ಹೋಯ್ತು ಅಂದದ್ದು ಯಾರು?"

"ನಿನಗೆ ಬೇಜಾರಾಗ್ತದೆ ಅಂತ..." ಎಂದ ಗ್ರೆಗರಿ.

"ಬೇಜಾರಾ? ನಾಳೆ ಯಾರಾದರೂ ಸತ್ತರೆ ಅದನ್ನೂ ಬಚ್ಚಿಡ್ತೀಯಾ, ನನಗೆ ಬೇಜಾರಾಗ್ತದೆ ಅಂತ? ಇಷ್ಟು ವರ್ಷ ಮೂವರೂ ಸೇರಿ ನನ್ನನ್ನು ಮಂಗ ಮಾಡಿದಿರಿ! ಪ್ರತಿ ಭಾನುವಾರ ಇಗರ್ಜಿಯಲ್ಲಿ ಕೊಮುನ್ಯಾಂವ್ ಪ್ರಸಾದ ತೆಗೊಳ್ಳುವ ಬಾಯಿಗಳು!"

ಗ್ರೆಗರಿಯ ಮುಖ ಕೆಂಪಾಯಿತು. ಬಿಸಿಲಿಗೆ ಕಾದ ತಲೆ, ಕೆಟ್ಟ ಕಾರು. ಅವನ ತಾಳ್ಮೆಯೂ ಸೋರಿತ್ತು. "ಮನೆಗೊಂದು ಸ್ಕೂಟರುಂಟು, ಕಾರುಂಟು. ಖಾಲಿ ಬಸ್ಸು ಓಡಿಸ್ಲಿಕ್ಕೆ ಧಣಿಗೆ ಹುಚ್ಚಾ? ಕೊನೆಕೊನೆಗೆ ಯಾರೂ ಹತ್ತುತ್ತಿರಲಿಲ್ಲ ಮಾಂಯ್. ನಾವೂ ಹತ್ತಲಿಲ್ಲ. ನೀನೂ ಹತ್ತಲಿಲ್ಲ."

ಜಾಸಿಂತಾ ಗಂಡನ ತೋಳು ಹಿಡಿದಳು. ಆಡಿದ್ದಾಗಿತ್ತು. ಅಪೊಲಿನ್ ಬಾಯಿ ಕಾರಿನ ಹಿಂದಿನ ಸೀಟನ್ನು ನೋಡಿದಳು: ತನಗೆಂದು ಮಗ ಹಾಕಿಸಿದ್ದ ದಪ್ಪ ದಿಂಬು ಅಲ್ಲಿತ್ತು.

"ಇನ್ನು ಆ ಬಸ್ಸಿನ ಮಾತು ನನ್ನ ಬಾಯಿಂದ ಬರುವುದಿಲ್ಲ" ಎಂದಳು ಕೊನೆಗೆ. "ಕೇಳಿ ಕೇಳಿ ನಿಮಗೂ ಸಾಕಾಗಿರಬಹುದು."

ಗ್ರೆಗರಿ ಬಾನೆಟ್ಟಿನ ಕಡೆಗೆ ತಿರುಗಿಕೊಂಡ. ಅದರಿಂದ ಆಕೆಗೆ ಇನ್ನೂ ಉರಿಯಿತು.

ತಮ್ಮನ ಫೋನು ಬಂತು. "ಬರ್ಲಿಕ್ಕೆ ಆಗುವುದಿಲ್ಲ, ನೀವು ಊಟ ಮಾಡಿ" ಎಂದು ಜಾಸಿಂತಾ ಮೆಲುದನಿಯಲ್ಲಿ ಹೇಳಿದಳು. ಹಣ್ಣು ಗೇರಿನ ವಾಸನೆ ದಟ್ಟವಾಗಿತ್ತು. ಬುಟ್ಟಿಯ ಕಡೆಗೆ ನೋಡದಿರಲು ಮೂವರೂ ಮಾಡುತ್ತಿದ್ದ ಪ್ರಯತ್ನವನ್ನು ಸ್ವಲ್ಪ ಹೊತ್ತು ಸಹಿಸಿ, ಆಕೆ ಅದರ ಮೇಲಿನ ಬಟ್ಟೆಯನ್ನು ಸರ್ರನೆ ಎಳೆದಳು.

"ತಿನ್ನಿ. ಸುಳ್ಳು ಹೇಳಿದ ಬಾಯಿಗೂ ಹಸಿವಾಗ್ತದೆ."

ಯಾರೋ ಕೈ ಚಾಚಿದರು. "ಮೊದಲು ಪ್ರಾರ್ಥನೆ!" ಎಂದು ಗದರಿದಳು. ಹಣೆಗೆ ಹೊಡೆದುಕೊಳ್ಳುವಂತೆ ಶಿಲುಬೆಯ ಗುರುತು ಮಾಡಿ, "ದೇವರೇ, ಈ ಅನ್ನವನ್ನೂ ಇದರ ಸುತ್ತ ಸೇರಿದ ನಮ್ಮೆಲ್ಲರನ್ನೂ..." ಎನ್ನುವಲ್ಲಿ ಆಕೆಯ ನಾಲಗೆ ತಡೆಯಿತು. ದಿನವೂ ಹೇಳುವ ಮಾತು. ಆದರೆ ಮನೆಯಲ್ಲಿ ಸೊಸೆ ಪಾಳಿ ಮುಗಿಸಿ ಉಣ್ಣುವ ಹೊತ್ತೇ ಬೇರೆ. ಮಗನ ತಟ್ಟೆ ವರ್ಕ್‌ಶಾಪಿಗೆ ಹೋಗುತ್ತಿತ್ತು. ಕ್ರಿಸ್ಮಸ್ಸಿನಂದು ಕೂಡ ಜಾಸಿಂತಾಳಿಗೆ ಡ್ಯೂಟಿ ಇತ್ತು.

"...ಆಶೀರ್ವದಿಸು" ಎಂದು ಮುಗಿಸಿದಳು. "ಆಮೆನ್" ಎಂದರು ಮೂವರು.

"ಗಟ್ಟಿಯಾಗಿ ಹೇಳಿ. ಸ್ವರ ಬಿದ್ದುಹೋಗಿದೆಯಾ?"

"ಆಮೆನ್!"

ಗ್ರೆಗರಿ ದೂರ ನಿಂತಿದ್ದ. "ನನ್ನ ಕೈಯಲ್ಲಿ ಆಯಿಲ್ ಉಂಟು. ನೀವು ತಿನ್ನಿ."

"ಬಾ ಇಲ್ಲಿ. ಬಾಯಿ ತೆರೆ." ಸಾನ್ನದ ತುಂಡನ್ನು ಸುಕ್ಕದಲ್ಲಿ ಹೊರಳಿಸಿ, ತಲೆ ನರೆತ ಮಗನ ಬಾಯಿಗೆ ತುರುಕಿದಳು. "ಕತ್ತೆ. ಸುಳ್ಳುಗಾರ. ಇನ್ನೊಂದು ತೆರೆ." ಅವನು ಬಗ್ಗಿ ನಿಂತು ತಿಂದ. ಬೈಗಳು ತುತ್ತಿಗೊಂದರಂತೆ ಬಂತು, ತುತ್ತು ನಿಲ್ಲಲಿಲ್ಲ. ಜಾಸಿಂತಾ ನಾಲ್ಕು ತಿಂದು, ಕೈಯನ್ನೂ ತೊಳೆಯದೆ, ಅತ್ತೆಯ ಹೆಗಲಿಗೊರಗಿ ನಿದ್ದೆಹೋದಳು. ಅಪೊಲಿನ್ ಬಾಯಿ ಹೆಗಲು ಕದಲಿಸದೆಯೇ ಬೈಗಳ ಧ್ವನಿಯನ್ನು ತಗ್ಗಿಸಿದಳು.

ಲೆನಿಷಾ ಎದ್ದು ದರೆಯ ಬಳಿಗೆ ಹೋಗಿದ್ದಳು. ಕಪ್ಪುಗಟ್ಟಿದ ಮುರಕಲ್ಲಿನ ಮೇಲೆ ಪಿಕ್ಕಾಸಿನ ಏಟುಗಳು ಒಂದರ ಪಕ್ಕದಲ್ಲೊಂದು ಹಾಗೆಯೇ ಉಳಿದಿದ್ದವು. ಒಂದು ಗೆರೆಯಲ್ಲಿ ಅವಳು ಬೆರಳಿಟ್ಟು ಎಳೆದಳು.

"ವ್ಹಡ್ಲಿಮಾಂಯ್, ಇದರಲ್ಲಿ ನಿಮ್ಮದು ಯಾವುದು?"

"ನನಗೇನು ಗೊತ್ತು? ಮೇಲಿನದ್ದೆಲ್ಲ ನೆರೆಮನೆಯ ಸೆವ್ರಿನಳದ್ದು, ಅವಳು ಉದ್ದ ಇದ್ದಳು. ನಾನು ಕೆಳಗೆ..." ಆಕೆ ಥಟ್ಟನೆ ತುಟಿ ಬಿಗಿದಳು. "ಆ ಮಾತು ಬೇಡ ಅಂದೆನಲ್ಲ!"

ಲೆನಿಷಾ ಬಂದು ಅಜ್ಜಿಯ ಕಾಲಿನ ಬಳಿ, ಮಣ್ಣಿನಲ್ಲೇ ಕುಳಿತಳು. ಬೆರಳಿಗೆ ಕೆಂಪು ಧೂಳು ಮೆತ್ತಿತ್ತು.

"ಮೊದಲಿನಿಂದ ಹೇಳಿ" ಎಂದಳು. "ಇನ್ನೊಮ್ಮೆ."