ಶನಿವಾರದ ಹಾವು

ಗೇಣುದ್ದದ ಕಂದು ಹಾವು. ಅಮೆರಿಕದ ನಮ್ಮ ಟೊಲಿಡೊ ಊರಿನಲ್ಲಿ ಯಾವ ಹಿತ್ತಲಲ್ಲಿ ಹಲಗೆ ಎತ್ತಿದರೂ ಒಂದು ಸಿಗುತ್ತದೆ. ವಿಷವಿಲ್ಲ, ಪೌರುಷವೂ ಇಲ್ಲ. ಸೆಪ್ಟೆಂಬರಿನಲ್ಲಿ ನನ್ನ ಮಗಳು ಮಾರ್ನಿ ಅದನ್ನು ಹಿಡಿದು, ವಾಲ್ಟರ್ ಎಂದು ತನ್ನ ಹೆಡ್‌ಮಾಸ್ತರರ ಹೆಸರಿಟ್ಟಳು. ನಾನು ಹಳೆಯ ಮೀನಿನ ತೊಟ್ಟಿಗೆ ಮಣ್ಣು, ತರಗೆಲೆ ತುಂಬಿಕೊಟ್ಟೆ. "ನೋಡ್ಕೊಳ್ಳೋದು ನಿನ್ ಕೆಲ್ಸ. ಪ್ರತಿ ಶನಿವಾರ ಬರ್ಬೇಕು," ಅಂದೆ.

ಹತ್ತು ವರ್ಷದ ಹುಡುಗಿ. ವಿಚ್ಛೇದನವಾದ ಮೇಲೆ ಊರಾಚೆ ತಾಯಿಯ ಮನೆಯಲ್ಲಿರುತ್ತಾಳೆ. ಶನಿವಾರ ನನ್ನ ಪಾಲು. ಆದರೆ ಈಜು, ಗೆಳತಿಯ ಹುಟ್ಟುಹಬ್ಬ, ನೆಗಡಿ. ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರಲ್ಲ, ಹಾಗೆ ಏನೋ ಒಂದು ಅಡ್ಡ ಬರುತ್ತಿತ್ತು. ಹಾವು ಬಂದ ಮೇಲೆ ಒಂದು ವಾರವೂ ತಪ್ಪಲಿಲ್ಲ. ಇಬ್ಬರೂ ಮಂಡಿಯೂರಿ ಒದ್ದೆ ಎಲೆರಾಶಿ ಕೆದಕಿ ಎರೆಹುಳು ಹುಡುಕುತ್ತಿದ್ದೆವು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಪಕ್ಕದ ಮನೆಯ ವರ್ನಾ ನಲವತ್ತು ವರ್ಷ ತೋಟ ಮಾಡಿದ ಮುದುಕಿ. ಅಕ್ಟೋಬರಿನಲ್ಲಿ ಬೇಲಿಯಾಚೆಯಿಂದಲೇ ಬುದ್ಧಿ ಹೇಳಿದಳು. ಈ ಜಾತಿ ಚಳಿಗಾಲವಿಡೀ ಏನೂ ತಿನ್ನದೆ ನೆಲದೊಳಗೆ ಮಲಗಿರುತ್ತದಂತೆ. ಬೆಚ್ಚಗಿನ ಮನೆಯಲ್ಲಾದರೆ ಎಚ್ಚರವಿದ್ದು ಹಸಿಯುತ್ತದೆ, ಆಗ ಹುಳು ಎಲ್ಲಿಂದ ತರುತ್ತೀಯ ಎಂದು ಕೇಳಿದಳು. "ಚಳಿಗೆ ನೆಲ ಗಟ್ಟಿಯಾಗೋಕ್ ಮುಂಚೆ ಬಿಟ್ಬಿಡು ಕಣಯ್ಯ. ಆಮೇಲೆ ಬಿಟ್ರೂ ಸಾಯತ್ತೆ, ಇಟ್ಕೊಂಡ್ರೂ ಸಾಯತ್ತೆ."

ಹೂಂ ಅಂದೆ. ಬಿಡಲಿಲ್ಲ. ಮಾರ್ನಿಗೂ ಹೇಳಲಿಲ್ಲ. ಬಿಟ್ಟರೆ ಅವಳು ಯಾಕೆ ಬಂದಾಳು?

ಡಿಸೆಂಬರಿಗೆ ಹಿತ್ತಲು ಕಲ್ಲಾಯಿತು. ಗುದ್ದಲಿ ಠಣ್ಣೆಂದು ಹಾರಿತು. ಮೀನುಗಾಳಕ್ಕೆ ಹುಳು ಮಾರುವ ಅಂಗಡಿಯಲ್ಲಿ ಉಳಿದಿದ್ದದ್ದು ಕಹಿ ಕೆಂಪು ಹುಳುಗಳು ಮಾತ್ರ. ವಾಲ್ಟರ್ ಒಂದನ್ನು ಕಚ್ಚಿ, ಉಗುಳಿ, ಬಾಯನ್ನು ಎಲೆಗೆ ಒರೆಸಿಕೊಂಡಿತು. ಮಾಂಸದ ಚೂರು ಕೊಟ್ಟರೆ ತಿರುಗಿಯೂ ನೋಡಲಿಲ್ಲ. ಚರ್ಮದಡಿ ಬೆನ್ನುಮೂಳೆ ಎದ್ದು ಕಾಣತೊಡಗಿತು. ಮಾರ್ನಿ ಅದನ್ನು ಅಂಗೈಯಲ್ಲಿಟ್ಟುಕೊಂಡು, ಮೂತಿಯ ಮುಂದೆ ಹುಳು ಆಡಿಸುತ್ತ ಗಂಟೆಗಟ್ಟಲೆ ಕೂರುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು. ಮೊದಲಿಗಿಂತ ಹೆಚ್ಚು ಹೊತ್ತು ಇರುತ್ತಾಳಲ್ಲ ಎಂದು ಖುಷಿಯೂ ಆಗುತ್ತಿತ್ತು. ಥೂ, ನನ್ನ ಜನ್ಮಕ್ಕೆ.

ಜನವರಿಯ ಮೂರನೇ ಶನಿವಾರ ಅವಳು ಬರುವಷ್ಟರಲ್ಲಿ ಅದು ಹೊಟ್ಟೆ ಮೇಲಾಗಿ ಬಿದ್ದಿತ್ತು.

"ನಾನೇ ಸರಿಯಾಗ್ ನೋಡ್ಕೊಳ್ಲಿಲ್ಲ ಅಲ್ವಾ, ಅಪ್ಪಾ?" ಎಂದು ಅತ್ತಳು.

ಇದನ್ನೂ ಮಗುವಿನ ತಲೆಗೆ ಕಟ್ಟಲು ನನ್ನಿಂದಾಗಲಿಲ್ಲ. ವರ್ನಾ ಹೇಳಿದ್ದು, ನಾನು ಮುಚ್ಚಿಟ್ಟದ್ದು, ಯಾಕೆ ಮುಚ್ಚಿಟ್ಟೆ ಎಂಬುದು, ಎಲ್ಲ ಒಪ್ಪಿಕೊಂಡೆ.

ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು.

"ಅದನ್ನ ಬಿಟ್ಟಿದ್ರೂ ನಾನ್ ಬರ್ತಿದ್ದೆ," ಅಂದಳು.

ಆಮೇಲೆ ಅಮ್ಮನಿಗೆ ಫೋನ್ ಮಾಡಿ, ಈಗಲೇ ಬಂದು ಕರೆದುಕೊಂಡು ಹೋಗು ಎಂದಳು. ಕೋಟು ಹಾಕಿಕೊಂಡು ಬಾಗಿಲ ಬಳಿ ನಿಂತಳು. ಕಾರು ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಕೂತ್ಕೋ ಎಂದು ಎರಡು ಸಲ ಹೇಳಿದೆ. ಕೂರಲಿಲ್ಲ.