ಕಂಬಿಯ ಈಚೆಗೆ ಒಂದು ಚೊಂಬು ನೀರು

ಬೇಡ ಅಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಲು ಹೊರಟರೆ ಎಲ್ಲಿಂದ ಶುರು ಮಾಡುವುದು? ಸುಮ್ಮನಿದ್ದರೆ ಹೋಗಿಬಿಡುತ್ತಾರೆ. ಹೋದರೆ ಮಗ ಸೋಮ ನೀರಿಗೆ ಇಳಿಯದೆ ಇರುವವನಲ್ಲ. ಅವನ ಹಿಂದೆ ಅವನ ತಾಯಿಯೂ ಇಳಿಯುತ್ತಾಳೆ.

ಕೊತ್ತಗೆರೆಯ ಕರಿಸಿದ್ದಪ್ಪ ಜಗಲಿಯ ಮೇಲೆ ಕುಳಿತು ಇದನ್ನೇ ಯೋಚಿಸುತ್ತಿದ್ದ. ಕೈಯಲ್ಲಿದ್ದ ಕಾಫಿ ಆರಿಹೋಗಿತ್ತು. ಒಳಗಿನಿಂದ ಮಾತು ಕೇಳುತ್ತಿತ್ತು. ಬರುವ ಎರಡನೇ ಶನಿವಾರ ಮನೆಯವರೆಲ್ಲ ಶಿವನಸಮುದ್ರದ ಜಲಪಾತ ನೋಡಲು ಹೋಗುವುದೆಂದು ತೀರ್ಮಾನವಾಗಿತ್ತು. ತುಮಕೂರಿನಲ್ಲಿ ಕೆಲಸದಲ್ಲಿರುವ ಮಗ ಸೋಮಶೇಖರ್, ಸೊಸೆ ಪಲ್ಲವಿ, ಮೊಮ್ಮಗಳು ಮೋನಿಕಾ, ಹೆಂಡತಿ ಗಂಗಾಂಬಿಕೆ, ಅವನು. ಐದು ಜನ, ಮಗನ ಕಾರು.

ಈ ಮಾತು ತೆಗೆದವಳು ಗಂಗಾಂಬಿಕೆಯೇ. ಅವಳ ಒಬ್ಬನೇ ಅಣ್ಣ ಮುದ್ದಯ್ಯ ಮೂವತ್ತೆರಡು ವರ್ಷದ ಹಿಂದೆ ಕಾವೇರಿಯಲ್ಲಿ ಕೊಚ್ಚಿಹೋಗಿದ್ದ. ಆಗ ಕರಿಸಿದ್ದಪ್ಪನಿಗೆ ಮದುವೆಯಾಗಿ ಮೂರು ವರ್ಷ. ಭಾವ, ಭಾವಮೈದುನ ಇಬ್ಬರೂ ಲಾರಿಯಲ್ಲಿ ತೆಂಗಿನಕಾಯಿ ಲೋಡು ತೆಗೆದುಕೊಂಡು ಹೋಗಿ, ಇಳಿಸಿ, ಬರುವ ದಾರಿಯಲ್ಲಿ ಮೈ ತೊಳೆಯಲು ಹೊಳೆಗೆ ಇಳಿದಿದ್ದರು. ಕರಿಸಿದ್ದಪ್ಪ ಒಬ್ಬನೇ ಮನೆಗೆ ಬಂದ. "ಕಾಲು ಜಾರ್ತು" ಎಂದ. ಅದಕ್ಕಿಂತ ಹೆಚ್ಚಿಗೆ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

"ನಂಗೂ ವಯಸ್ಸಾಯ್ತಾ ಬಂತು," ಎಂದಿದ್ದಳು ಗಂಗಾಂಬಿಕೆ. "ನಮ್ಮಣ್ಣನ್ನ ತಗೊಂಡೋದ ಹೊಳೆ ಹೆಂಗೈತೆ ಅಂತ ಇವತ್ತಿನ್ಗಂಟ ನೋಡಿಲ್ಲ. ಒಂದ್ಸಲಿ ನೋಡಿ, ನೀರಲ್ಲಿ ಕಾಲಿಟ್ಟು, ಗಂಗೆಪೂಜೆ ಮಾಡಿ ಬತ್ತೀನಿ."

ಅದಕ್ಕೆ ಬೇಡ ಅನ್ನಲು ಕರಿಸಿದ್ದಪ್ಪನಿಗೆ ಬಾಯಿ ಬಂದಿರಲಿಲ್ಲ.

ಗೇಟು ಕಿರುಗುಟ್ಟಿತು. ಊರಿನ ಆಶಾ ಕಾರ್ಯಕರ್ತೆ ಸುಧಾ ಬಂದಳು. ಗಂಗಾಂಬಿಕೆಯ ಬಿಪಿ ಮಾತ್ರೆ ಕೊಡಲು ಬಂದವಳು ಪ್ರವಾಸದ ಸುದ್ದಿ ಕೇಳಿ ಅಲ್ಲೇ ಕುಳಿತುಬಿಟ್ಟಳು.

"ಎಂಥ ಒಳ್ಳೆ ಕೆಲ್ಸ ಅಕ್ಕ! ಹೋಗ್ಬನ್ನಿ," ಎಂದಳು. "ಹಿಂದಿನ ದಿನ ಒಂದು ಕೆಲ್ಸ ಮಾಡಿ. ಅಲ್ಲಿಗೆ ಫೋನ್ ಮಾಡಿ ಕೇಳಿ, ಪೇಪರ್ ನೋಡಿ. ಮೇಲ್ಗಡೆ ಅಣೆಕಟ್ಟೆ ತುಂಬಿ ನೀರು ಬಿಟ್ಟಿದ್ರೆ ನೋಡೋಕೆ ಬಲು ಚಂದ. ಇಳಿಯೋಕಲ್ಲ."

ಸೋಮಶೇಖರ್ ನಕ್ಕ. "ಏನ್ ಸುಧಕ್ಕ, ಟೂರಿಗೂ ಒಂದು ಇಂಜೆಕ್ಷನ್ ಚುಚ್ಚಿಬಿಟ್ಟೆ."

"ಚುಚ್ಚುಸ್ಕೊಂಡೋರು ನೆಟ್ಟಗಿದಾರೆ ಕಣಪ್ಪ. ಕುಣಿಗಲ್‌ನಲ್ಲಿ ನಮಗೆಲ್ಲ ಅಗ್ನಿಶಾಮಕದೋರು ತರಬೇತಿ ಕೊಟ್ರು. ನೀರಿಗೆ ಬಿದ್ದೋರ ವಿಷಯ ಹೇಳ್ತಿದ್ರೆ ಕೈಕಾಲು ತಣ್ಣಗಾಯ್ತು. ಈಜು ಬರದೋರು ಎಷ್ಟು ಜನ ಹೋಗ್ತಾರೋ, ಈಜು ಬರುತ್ತೆ ಅಂದ್ಕೊಂಡೋರೂ ಅಷ್ಟೇ ಜನ ಹೋಗ್ತಾರಂತೆ."

"ನಾನು ಅಂದ್ಕೊಂಡೋನಲ್ಲ ಬುಡು. ನಮ್ ತೋಟದ ಬಾವಿಗೆ ಮೇಲಿಂದ ಧುಮುಕ್ತಿದ್ದೋನು. ಅಪ್ಪನ್ನೇ ಕೇಳು, ಕಲಿಸಿದ್ದೇ ಅವರು."

ಅದು ನಿಜ. ಸೊಂಟಕ್ಕೆ ಹಗ್ಗ ಕಟ್ಟಿ, ಬೆನ್ನಿಗೆ ಎರಡು ಒಣ ತೆಂಗಿನಕಾಯಿ ಬಿಗಿದು, ಮಗನನ್ನು ಬಾವಿಗೆ ಇಳಿಬಿಟ್ಟವನು ಕರಿಸಿದ್ದಪ್ಪನೇ. ಓಣಿಯ ಅರ್ಧ ಗಂಡಸರು ಈಜು ಕಲಿತದ್ದು ಆ ಬಾವಿಯಲ್ಲಿ. ಮುದ್ದಯ್ಯನೂ ಅದರಲ್ಲೇ ಕಲಿತಿದ್ದ. ಬಾವಿ ಗೆದ್ದವನಿಗೆ ಎಲ್ಲ ನೀರೂ ಗೆದ್ದಂತೆ ಎಂದು ಆಗ ಎಲ್ಲರೂ ನಂಬಿದ್ದರು.

ಸುಧಾ ತಲೆಯಾಡಿಸಿದಳು. "ಬಾವೀಲಿ ನೀರು ನಿನ್ನ ಕಾಯ್ಕೊಂಡು ನಿಂತಿರುತ್ತೆ ಸೋಮಣ್ಣ. ಸುಸ್ತಾದ್ರೆ ಮೆಟ್ಲು ಹಿಡ್ಕೋತೀಯ. ಹೊಳೆ ನೀರು ಎಲ್ಲಿಗೋ ಹೊರಟಿರುತ್ತೆ. ನೀನು ಒಲ್ಲೆ ಅಂದ್ರೂ ಕರ್ಕೊಂಡೋಗುತ್ತೆ."

"ಅಯ್ಯೋ, ನಾನೇನು ನಡು ಹೊಳೆಗೆ ಹೋಗ್ತೀನಾ? ಬಂಡೆ ಪಕ್ಕ ನಿಂತ್ಕೊಂಡು ಒಂದು ಫೋಟೋ. ಮೊಣಕಾಲುದ್ದ ನೀರಲ್ಲಿ ಏನಾಗುತ್ತೆ?"

ಕರಿಸಿದ್ದಪ್ಪ ಲೋಟ ಕೆಳಗಿಟ್ಟ. ಎದ್ದು ನಿಂತ.

"ಬಾರ್ಲಾ ಇಲ್ಲಿ," ಎಂದ ಮಗನಿಗೆ.

"ಎಲ್ಲಿಗಪ್ಪ?"

ಅವನು ತೋಟದ ಕಡೆ ನಡೆದ. ಎಲ್ಲರೂ ಹಿಂದೆ ಹೋದರು. ಬೋರ್‌ವೆಲ್ಲಿನ ತೊಟ್ಟಿಯ ಹತ್ತಿರ ಬಟ್ಟೆ ಒಗೆಯುವ ಚಪ್ಪಡಿ ಕಲ್ಲು. ಪೈಪಿನ ನೀರು ಅದರ ಮೇಲೆ ಬಿದ್ದು ಕಾಲುವೆಗೆ ಹರಿಯುತ್ತದೆ. ಕಲ್ಲಿನ ಒಂದು ಕಡೆ ಹಸಿರು ಪಾಚಿ.

"ಚಪ್ಪಲಿ ಬಿಡು. ಅದ್ರ ಮೇಲೆ ನಿಂತ್ಕೊ. ಪೈಪಿನ ಬಾಯಿಗೆ ಕಾಲು ಕೊಡು. ನಾನು ಹತ್ತು ಎಣಿಸ್ತೀನಿ, ಅಲ್ಲಾಡ್ದೆ ನಿಂತ್ಕೋಬೇಕು."

"ಇದೇನಪ್ಪ, ಈ ವಯಸ್ಸಲ್ಲಿ ಆಟ?" ಸೋಮಶೇಖರ್ ಪ್ಯಾಂಟು ಮಡಿಸುತ್ತ ನಕ್ಕ. ಮೋನಿಕಾ ಚಪ್ಪಾಳೆ ಹೊಡೆದಳು.

ಕರಿಸಿದ್ದಪ್ಪ ಮೋಟರಿನ ಹಸಿರು ಗುಂಡಿ ಒತ್ತಿ ಮಗನ ಪಕ್ಕಕ್ಕೆ ಬಂದು ನಿಂತ. ಪೈಪು ಎರಡು ಸಲ ಕೆಮ್ಮಿತು. ಆಮೇಲೆ ನೀರು ನುಗ್ಗಿತು.

"ಒಂದು. ಎರಡು. ಮೂರು."

ನಾಲ್ಕು ಎನ್ನುವುದರೊಳಗೆ ಸೋಮಶೇಖರನ ಎರಡು ಕಾಲೂ ಒಟ್ಟಿಗೆ ಜಾರಿದವು. ಅವನು ಬೀಳಲಿಲ್ಲ. ಅಪ್ಪ ಅಷ್ಟರಲ್ಲಿ ಅವನ ಶರ್ಟಿನ ಕಾಲರ್ ಹಿಡಿದಾಗಿತ್ತು.

"ಅಪ್ಪ ಔಟ್! ಅಪ್ಪ ಔಟ್!" ಎಂದು ಮೋನಿಕಾ ಕುಣಿದಳು. ಪಲ್ಲವಿ ಸೆರಗು ಬಾಯಿಗೆ ಹಿಡಿದು, "ಇವರೇನಾ ಮೇಲಿಂದ ಧುಮುಕ್ತಿದ್ದೋರು?" ಎಂದಳು.

"ಪಾಚಿ ಇತ್ತು ಕಣೇ," ಎಂದ ಸೋಮಶೇಖರ್.

"ಅಲ್ಲೂ ಇರುತ್ತೆ," ಎಂದ ಕರಿಸಿದ್ದಪ್ಪ. ಮೋಟರು ಆರಿಸಿದ. "ಇದು ಎರಡೂವರೆ ಇಂಚಿನ ಪೈಪು. ನೀರು ನಿನ್ನ ಪಾದದ ಮೇಲಕ್ಕೆ ಬಂದಿರ್ಲಿಲ್ಲ."

ಕಲ್ಲಿನಿಂದ ನೀರು ಸೋರಿ ಮುಗಿಯುವವರೆಗೆ ಸೋಮಶೇಖರ್ ಅದನ್ನೇ ನೋಡುತ್ತಿದ್ದ.

ಆಮೇಲೆ ಗಂಗಾಂಬಿಕೆ ಮೆಲ್ಲಗೆ ಹೇಳಿದಳು. "ಅವ್ನು ಇಳಿಯೋದು ಬೇಡ. ಆದ್ರೆ ನಾನು ಪೂಜೆ ಮಾಡ್ದೆ ಹೆಂಗ್ ಬರ್ಲಿ? ಹೊಳೆ ತಾವ್ಕೆ ಹೋಗಿ ನೀರು ಮುಟ್ದೆ, ಎಲೆ ಅಡಿಕೆ ಇಡ್ದೆ ವಾಪಸ್ ಬರೋದು ನಮ್ಮಲ್ಲಿಲ್ಲ."

ಮಗನಿಗೆ ಪೈಪು ತೋರಿಸಬಹುದು. ಇವಳಿಗೆ ಏನು ತೋರಿಸುವುದು?

ಸುಧಾ ಕೇಳಿದಳು. "ಅಕ್ಕ, ಸೋಮಣ್ಣನ ಮದುವೇಲಿ ಗಂಗೆ ತಂದ್ರಲ್ಲ, ಯಾವುದ್ರಲ್ಲಿ ತಂದ್ರಿ?"

"ಚೊಂಬಲ್ಲಿ. ಇನ್ಯಾವುದ್ರಲ್ಲಿ ತರ್ತಾರೆ?"

"ಅದು ಗಂಗೆ ತಾನೆ?"

"ಗಂಗೇನೇ."

"ಹಂಗಾದ್ರೆ ಇಲ್ಲಿಂದಲೇ ಒಂದು ಚೊಂಬು ತಗೊಂಡೋಗಿ. ಅಲ್ಲಿ ಯಾರೂ ಇಳೀಬಾರ್ದು ಅಂತ ಅಡ್ಡಕ್ಕೆ ಕಂಬಿ ಹಾಕಿರ್ತಾರಲ್ಲ, ಅದರ ಈಚೆಗೆ ಇಟ್ಟು, ಹೊಳೆ ಕಡೆ ಮುಖ ಮಾಡಿ ಪೂಜೆ ಮಾಡಿ. ಕಂಬಿ ದಾಟಿ ಬಾ ಅಂತ ಗಂಗಮ್ಮ ಕೇಳ್ತಾಳಾ?"

ಗಂಗಾಂಬಿಕೆ ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ತಲೆ ಎತ್ತದೆ ಹೇಳಿದ.

"ನಮ್ ಬಾವಿ ನೀರೇ ತಗೊ. ಮುದ್ದಯ್ಯ ಅದ್ರಲ್ಲೇ ಈಜ್ತಿದ್ದುದು."

ಮನೆಯಲ್ಲಿ ಆ ಹೆಸರನ್ನು ಅವನು ಬಾಯಿಬಿಟ್ಟು ಹೇಳಿ ಎಷ್ಟೋ ವರ್ಷವಾಗಿತ್ತು. ಗಂಗಾಂಬಿಕೆ "ಆಯ್ತು" ಎಂದಳು.

ಶುಕ್ರವಾರ ಪಲ್ಲವಿ ಫೋನು ಮಾಡಿ ವಿಚಾರಿಸಿದಳು. ಮೇಲಿನಿಂದ ನೀರು ಬಿಡುತ್ತಿದ್ದಾರೆ, ನೋಡಬಹುದು, ಎಲ್ಲಿಯೂ ಇಳಿಯುವಂತಿಲ್ಲ, ತೆಪ್ಪವೂ ಇಲ್ಲ ಎಂದರು. "ತೆಪ್ಪ ಇದ್ದಿದ್ರೂ ಲೈಫ್ ಜಾಕೆಟ್ ಕೊಡದೆ ಇದ್ರೆ ಹತ್ಬೇಡ ಅಂದವ್ರೆ ಸುಧಕ್ಕ," ಎಂದು ಮೋನಿಕಾ ಅಜ್ಜನಿಗೆ ವರದಿ ಒಪ್ಪಿಸಿದಳು. ಪಲ್ಲವಿ ಎಲ್ಲರಿಗೂ ಪಟ್ಟಿ ಇರುವ ಚಪ್ಪಲಿ ತೆಗೆದಿಟ್ಟಳು. ಸೋಮಶೇಖರ್ ಕಾರಿನ ಡಿಕ್ಕಿಯಲ್ಲಿ ಒಂದು ಉದ್ದನೆಯ ಹಗ್ಗ ಹಾಕಿದ. ಯಾರಾದರೂ ನೀರಿಗೆ ಬಿದ್ದರೆ ಹಿಂದೆ ಹಾರಬಾರದು, ಹಗ್ಗವೋ ಸೀರೆಯೋ ಎಸೆಯಬೇಕು, ನೂರಾ ಹನ್ನೆರಡಕ್ಕೆ ಫೋನು ಮಾಡಬೇಕು ಎಂದು ಸುಧಾ ಅವನಿಂದ ಎರಡು ಸಲ ಹೇಳಿಸಿದ್ದಳು.

ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟರು. ಹುಲಿಯೂರುದುರ್ಗದ ಆಚೆ ನಿಲ್ಲಿಸಿ ಚಿತ್ರಾನ್ನ ತಿಂದರು. ಮದ್ದೂರು, ಮಳವಳ್ಳಿ ದಾಟಿ ಜಲಪಾತ ತಲುಪಿದಾಗ ಬಿಸಿಲು ಏರಿತ್ತು. ಕಾರಿನಿಂದ ಇಳಿಯುವ ಮೊದಲೇ ಸದ್ದು ಕೇಳಿಸಿತು.

ಗಂಗಾಂಬಿಕೆ ಕಂಬಿ ಹಿಡಿದು ನಿಂತಳು. ಬಂಡೆಗಳೆಲ್ಲ ಮುಚ್ಚುವಂತೆ ನೀರು ಬೀಳುತ್ತಿತ್ತು. ತುಂತುರು ಮುಖಕ್ಕೆ ಬಂತು. ಅವಳು ಒರೆಸಿಕೊಳ್ಳಲಿಲ್ಲ.

"ಇಷ್ಟೊಂದು ಐತಾ," ಎಂದಳು. ಅಷ್ಟೇ.

ಚೊಂಬು ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು, ಒಂದು ತುಂಡು ಸೇವಂತಿಗೆ ಮುಡಿಸಿದಳು. ಮೋನಿಕಾಳ ಕೈ ಪಲ್ಲವಿಯ ಕೈಯಲ್ಲಿತ್ತು. ಸೋಮಶೇಖರ್ ಕಂಬಿ ಮುಗಿಯುವ ಕಡೆ ನೋಡಿದ. ಜನ ನುಸುಳಿ ನುಸುಳಿ ಅಲ್ಲೊಂದು ಕಾಲುದಾರಿಯಾಗಿತ್ತು. ಆ ದಾರಿಯಲ್ಲಿ ಇಳಿದ ನಾಲ್ಕು ಜನ ಹುಡುಗರು ಬಂಡೆಯ ಅಂಚಿನ ನೀರಿನಲ್ಲಿ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಸೋಮಶೇಖರನ ಕಾಲು ಎರಡು ಹೆಜ್ಜೆ ಆ ಕಡೆ ಹೋಯಿತು. ಆಮೇಲೆ ತಾನಾಗಿಯೇ ಹಿಂದಕ್ಕೆ ಬಂದು ಅಪ್ಪನ ಪಕ್ಕ ನಿಂತ.

ಕರಿಸಿದ್ದಪ್ಪ ಹುಡುಗರನ್ನು ನೋಡುತ್ತಿರಲಿಲ್ಲ, ನೀರು ನೋಡುತ್ತಿದ್ದ. ಬಿಳಿ ನೊರೆಯ ನಡುವೆ ಕೆಂಚು ಬಣ್ಣ ಕಾಣಿಸಿತು. ಒಣ ಎಲೆ, ಕಡ್ಡಿ ತೇಲಿ ಬರತೊಡಗಿದವು.

"ಸೋಮ, ನೀರಿನ ಬಣ್ಣ ನೋಡು. ಮೇಲಿಂದ ಜಾಸ್ತಿ ಬತ್ತಾ ಐತೆ."

ಸೋಮಶೇಖರ್ ಕೂಗಿದ. "ಏಯ್, ಮೇಲಕ್ಕೆ ಬನ್ರೋ! ನೀರು ಏರ್ತಾ ಇದೆ!"

"ಏನಿಲ್ಲ ಬಿಡಿ ಅಂಕಲ್, ಮೊಣಕಾಲುದ್ದ ಅಷ್ಟೇ!" ಎಂದ ಒಬ್ಬ ಕೆಳಗಿನಿಂದ.

ಆಗ ಕರಿಸಿದ್ದಪ್ಪನ ಗಂಟಲಿನಿಂದ ಬಂದ ಕೂಗನ್ನು ಮನೆಯವರು ಯಾವತ್ತೂ ಕೇಳಿರಲಿಲ್ಲ.

"ಮೊಣಕಾಲುದ್ದ ಸಾಕು ಕಣ್ರಪ್ಪಾ! ಬನ್ನಿ ಈಚೆಗೆ! ಬನ್ರೋ!"

ಕಾವಲಿನವನೂ ಸೀಟಿ ಊದುತ್ತ ಓಡಿಬಂದ. ಹುಡುಗರು ಗೊಣಗುತ್ತ ಹತ್ತಿಬಂದರು. ಕಾಲು ಗಂಟೆ ಕಳೆದ ಮೇಲೆ ಅವರು ನಿಂತಿದ್ದ ಬಂಡೆ ಎಲ್ಲಿತ್ತೆಂದು ಗುರುತು ಹಚ್ಚಲು ಆಗಲಿಲ್ಲ. ಅವರಲ್ಲೊಬ್ಬ ಬಂದು ಕರಿಸಿದ್ದಪ್ಪನಿಗೆ ಕೈ ಮುಗಿದು ಹೋದ.

ವಾಪಸ್ ಬರುವಾಗ ಮೋನಿಕಾ ಅಜ್ಜಿಯ ತೊಡೆಯ ಮೇಲೆ ಮಲಗಿದ್ದಳು.

"ನೀರಿನ ಬಣ್ಣ ನೋಡಿದ್ರೆ ಗೊತ್ತಾಗುತ್ತೆ ಅಂತ ಯಾರು ಹೇಳ್ಕೊಟ್ರು ನಿಮಗೆ?" ಎಂದಳು ಗಂಗಾಂಬಿಕೆ.

"ನೋಡಿದ್ದೆ," ಎಂದ ಕರಿಸಿದ್ದಪ್ಪ.

ಅವಳು ಮೋನಿಕಾಳ ಮೈಮೇಲೆ ಸೆರಗು ಹೊದಿಸಿದಳು. ಮನೆ ತಲುಪಿದ ಮೇಲೆ ಚೊಂಬಿನ ನೀರನ್ನು ಬಾವಿಯ ಪಕ್ಕದ ತೆಂಗಿನ ಬುಡಕ್ಕೆ ಹುಯ್ದಳು.

ಇದನ್ನು ಓದುತ್ತಿರುವವರೇ, ಮಹಿಳಾ ಸಂಘದಲ್ಲಿ ಕುಳಿತು ಕೇಳುತ್ತಿರುವ ಅಕ್ಕತಂಗಿಯರೇ, ನೀವೂ ಒಂದು ದಿನ ಜಲಪಾತ ನೋಡಲು ಹೋಗಿ. ದುಡಿದ ಕಣ್ಣಿಗೆ ಅದು ಬೇಕು. ಹೋಗುವ ಮುಂಚೆ ನೀರು ಎಷ್ಟಿದೆ ಎಂದು ವಿಚಾರಿಸಿ. ಕಂಬಿ ಎಲ್ಲಿದೆಯೋ ನಿಮ್ಮ ಪ್ರವಾಸ ಅಲ್ಲಿಗೆ ಮುಗಿಯಿತು ಎಂದುಕೊಳ್ಳಿ. ನಮ್ಮ ಕೆರೆ ಬಾವಿಗಳ ಈಜನ್ನು ನಂಬಿ ಹರಿಯುವ ನೀರಿಗೆ ಕಾಲಿಡಬೇಡಿ. ಇಲ್ಲಿ ಬಿಸಿಲಿದ್ದರೂ ಮೇಲೆಲ್ಲೋ ಮಳೆಯಾಗಿರುತ್ತದೆ. ನೀರು ಕೆಂಪಗಾದರೆ, ಕಸಕಡ್ಡಿ ತೇಲಿಬಂದರೆ, ಸದ್ದು ಬದಲಾದರೆ ಯೋಚಿಸುತ್ತ ನಿಲ್ಲದೆ ಮೇಲಕ್ಕೆ ಹತ್ತಿ. ಮಕ್ಕಳ ಕೈ ಬಿಡಬೇಡಿ. ಜೊತೆಯವರು ಇಳಿಯಲು ಹೊರಟರೆ ಬೇಡ ಎಂದು ಬಾಯಿಬಿಟ್ಟು ಹೇಳಿ. ಬಾ ಎಂದು ಮಾತ್ರ ಯಾರನ್ನೂ ನೀರಿಗೆ ಕರೆಯಬೇಡಿ.

ಮೂವತ್ತೆರಡು ವರ್ಷದ ಹಿಂದೆ ಆ ಹೊಳೆಯ ದಂಡೆಯಲ್ಲಿ ಮುದ್ದಯ್ಯ ಇಳಿಯಲು ಹೆದರಿ ಮೇಲೆಯೇ ನಿಂತಿದ್ದ. "ಬಾರೋ, ಮೊಣಕಾಲುದ್ದ ಅಷ್ಟೇ" ಎಂದು ನೀರಿನಿಂದ ಅವನನ್ನು ಕರೆದವನು ಕರಿಸಿದ್ದಪ್ಪ. ಇದನ್ನು ಅವನು ಗಂಗಾಂಬಿಕೆಗೆ ಯಾವತ್ತೂ ಹೇಳಲಿಲ್ಲ.